ಕೆಡದ ತಂತಿಗೆ ರಿಪೇರಿ

ಲಿಲ್‌ಬೆಕ್ ಸೀಮೆಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾಗಲಿ, ಯಾರ ಮನೆಯಲ್ಲಿ ಸಾವಾಗಲಿ, ಮೊದಲು ಹೇಳಿಕಳಿಸುತ್ತಿದ್ದದ್ದು ಥೋರಾಗೆ. ಪಾದ್ರಿಗೆ ಆಮೇಲೆ. ಹುಟ್ಟಿದ ಕೂಸಿಗೆ ನೀರೆರೆಯುವುದರಿಂದ ಹಿಡಿದು ಹೆಣದ ದವಡೆಗೆ ಬಟ್ಟೆ ಕಟ್ಟುವವರೆಗೆ ಎಲ್ಲವೂ ಅವಳ ಕೈಯಲ್ಲೇ ಆಗಬೇಕು. ಅವಳ ಗಂಡ ಹಾಲ್ವರ್ ಕಂಡಕಂಡವರ ಮುಂದೆ, "ನನ್ನ ಹೆಂಡ್ತಿ ಹಬ್ಬಕ್ಕೂ ನನಗೆ ಸಿಗಲ್ಲ ಕಣ್ರಯ್ಯ, ಹಬ್ಬದ ದಿನ ಚರ್ಚಿನ ಅಡುಗೆಮನೇಲಿರ್ತಾಳೆ" ಎಂದು ದೂರುತ್ತಿದ್ದ. ದೂರಿನಲ್ಲಿ ಹೆಮ್ಮೆಯೇ ಹೆಚ್ಚು. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯ ಬೀಗದ ಕೈ ಎಷ್ಟೋ ವರ್ಷದಿಂದ ಅವಳ ಏಪ್ರನ್ನಿನ ಜೇಬಿನಲ್ಲೇ ಇತ್ತು. ಮಕ್ಕಳನ್ನು ಬೆಳೆಸಿ ಮದುವೆ ಮಾಡಿ ಕಳಿಸಿದ್ದಳು. ಹಾಸಿಗೆ ಹಿಡಿದ ಅತ್ತೆಯ ಮಲಮೂತ್ರ ಬಳಿದು ಕೊನೆಯ ಉಸಿರಿನವರೆಗೆ ನೋಡಿಕೊಂಡಿದ್ದಳು. ಇದನ್ನೆಲ್ಲ ತ್ಯಾಗ ಎಂದು ಅವಳು ಅಂದುಕೊಂಡವಳೇ ಅಲ್ಲ. ಚಳಿ ಕೆಟ್ಟದ್ದು, ಜನ ಒಳ್ಳೆಯವರು, ಒಬ್ಬರಿಗೊಬ್ಬರು ಆಗದಿದ್ದರೆ ಈ ಬಯಲಿನಲ್ಲಿ ಯಾರೂ ಉಳಿಯುವುದಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟು, ಇಷ್ಟರಲ್ಲೇ ಬದುಕು ಸಾಗಿಬಂದಿತ್ತು.

ಆ ಜನವರಿಯ ಮಂಗಳವಾರ ಅವಳು ಬೆಳಗಿನಿಂದ ಚರ್ಚಿನಲ್ಲೇ ಇದ್ದಳು. ಚರ್ಚಿನ ಸಾಮೂಹಿಕ ಊಟಕ್ಕೆ ಆಲೂಗಡ್ಡೆ ರೊಟ್ಟಿ ಲಟ್ಟಿಸುವ ಕೆಲಸ. ನೆಲಮಾಳಿಗೆಯ ಕಿಟಕಿಗಳು ಒಳಗಿನಿಂದಲೇ ಮಂಜುಗಟ್ಟಿದ್ದವು. ಸಂಜೆ ಗಾಡಿಯಲ್ಲಿ ಮನೆಗೆ ಬಂದಾಗ ಹಾಲ್ವರ್ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಮದುವೆಯಾದಾಗಿನಿಂದ ಅವನು ಈ ಕೆಲಸ ಮಾಡಿದ್ದನ್ನು ಅವಳು ನೋಡಿರಲಿಲ್ಲ.

"ಇದೇನು, ಹುಷಾರಿಲ್ವಾ?" ಎಂದಳು.

"ಸುಮ್ನೆ. ನಿಂಗೆ ಸುಸ್ತಾಗಿರತ್ತೆ ಅಂತ" ಎಂದ, ತಲೆ ಎತ್ತದೆ.

ಅವಳು ಕೋಟು ಬಿಚ್ಚುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎರಡು ಉದ್ದ, ಒಂದು ಗಿಡ್ಡ, ಊರಿನ ಒಂದೇ ತಂತಿಯಲ್ಲಿ ಅವರ ಮನೆಯ ಗುರುತಿನ ಗಂಟೆ. ಆ ಕಡೆ ಎಲ್ವಿನಾ, ಹಾಲ್ವರ್‌ನ ತಂಗಿ, ಪಕ್ಕದ ಜಮೀನಿನವಳು. "ಅತ್ತಿಗೆ, ಆ ಉಕ್ರೇನಿನವರ ಮಗು ಹೋಗ್ಬಿಡ್ತಂತೆ. ಲೆಸ್ಯಾ. ಗಂಟಲು ಕಟ್ಕೊಂಡು. ದಾನಿಲೋ ಕಾಡಿಂದ ಸೌದೆ ತಗೊಂಡು ಈಗಷ್ಟೇ ಬಂದು ನೋಡ್ದನಂತೆ, ನಮ್ಮನೇಗೆ ಓಡಿಬಂದು ಹೇಳ್ದ. ನೀವು ಹೋಗ್ತೀರಲ್ಲ?"

ಅದು ಕೇಳುವ ಮಾತೇ? ಥೋರಾ ಬಿಚ್ಚಿದ ಕೋಟನ್ನು ಮತ್ತೆ ಹಾಕಿಕೊಂಡಳು.

ದಾನಿಲೋ ಮತ್ತು ಒರಿಸ್ಯಾ ಯುದ್ಧ ಮುಗಿದ ಮೇಲೆ ನಿರಾಶ್ರಿತರ ಶಿಬಿರದಿಂದ ಬಂದವರು. ಹಳೆಯ ತ್ವೇತ್ ಮುದುಕನ ಜಮೀನನ್ನು ಗುತ್ತಿಗೆಗೆ ಹಿಡಿದಿದ್ದರು. ಕಾರಿಲ್ಲ, ಎರಡು ಕುದುರೆ, ಹಿಮದ ಮೇಲೆ ಜಾರುವ ಒಂದು ಸ್ಲೆಡ್ಜ್ ಬಂಡಿ. ಮಗುವಿಗೆ ಎರಡು ತುಂಬಿರಲಿಲ್ಲ. ಥೋರಾ ಹೋದಾಗ ಒರಿಸ್ಯಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮುಂದೆ ಕೂತಿದ್ದಳು, ಅದರ ಕಾಲು ಬೆಚ್ಚಗಾಗಲಿ ಎಂದು ಒಲೆಯ ಕಡೆ ಚಾಚಿಸಿ. ಥೋರಾ ಮಗುವನ್ನು ಕೊಡು ಎಂದು ಕೇಳಲಿಲ್ಲ. ಮೊದಲು ಟೀ ಮಾಡಿ ಕೊಟ್ಟಳು. ಬಹಳ ಹೊತ್ತಿನ ಮೇಲೆ ಒರಿಸ್ಯಾ ತಾನಾಗಿಯೇ ಕೈ ಸಡಿಲಿಸಿದಳು. ಇಬ್ಬರೂ ಸೇರಿ ಆ ಪುಟ್ಟ ಮೈಯನ್ನು ತೊಳೆದರು.

"ನಾನು ಫೋನು ತಿರುಗಿಸಿತು, ಮಿಸೆಸ್ ಥೋರಾ" ಎಂದಳು ಒರಿಸ್ಯಾ, ಬಂದಷ್ಟು ಭಾಷೆಯಲ್ಲಿ. "ಉದ್ದ ಗಂಟೆ, ಎಲ್ಲರ ಗಂಟೆ. ತಿರುಗಿಸಿತು, ತಿರುಗಿಸಿತು. ಮಾತಾಡಿತು. ಟಿಕ್ ಅನ್ನತ್ತೆ, ಆಮೇಲೆ ಏನೂ ಇಲ್ಲ. ತಂತಿ ಸತ್ತಿತು. ಚಳಿಗೆ."

"ಚಳಿಗೆ ಹಂಗಾಗತ್ತಮ್ಮ" ಎಂದಳು ಥೋರಾ, ಮಗುವಿನ ಕೂದಲು ಬಾಚುತ್ತ. ಒಂದು ಗಳಿಗೆ ಎಲ್ವಿನಾಳ ಫೋನು ನೆನಪಾಯಿತು, ತಂತಿ ಸತ್ತಿದ್ದರೆ ಅದು ಹೇಗೆ ಬಂತು ಎಂದು. ಈ ಕವಲಿನ ತಂತಿ ಮಾತ್ರ ಹೋಗಿರಬೇಕು ಎಂದುಕೊಂಡು ಸುಮ್ಮನಾದಳು. ಆ ಹೊತ್ತಿಗೆ ಬೇರೆ ಯೋಚನೆಗೆ ಜಾಗವಿರಲಿಲ್ಲ.

ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಊರಿನ ಗಂಡಸರು ಸ್ಮಶಾನದಲ್ಲಿ ಹುಲ್ಲು, ಕಲ್ಲಿದ್ದಲು ಸುರಿದು ಬೆಂಕಿ ಹಾಕಿ, ನೆಲ ಕರಗಿಸಿ, ಸರದಿಯ ಮೇಲೆ ಗುಂಡಿ ತೋಡಿದರು. ಹಾಲ್ವರ್ ಎಲ್ಲರಿಗಿಂತ ಹೆಚ್ಚು ತೋಡಿದ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಗುದ್ದಲಿ ಬಿಡಲಿಲ್ಲವೆಂದು ಕೇಳಿದಾಗ ಥೋರಾಗೆ ಗಂಡನ ಮೇಲೆ ಕರುಳು ಮಿಡಿಯಿತು. ಉಕ್ರೇನಿನವರ ಚರ್ಚು ಬಹಳ ದೂರ, ಹಿಮದಲ್ಲಿ ದಾರಿಯಿಲ್ಲ, ಆದ್ದರಿಂದ ನಮ್ಮಲ್ಲೇ ಮಣ್ಣು ಮಾಡೋಣ ಎಂದು ಪಾದ್ರಿಯೂ ಒಪ್ಪಿದ. ಎಂಥ ಜನ ನಮ್ಮವರು ಎಂದು ಅವಳ ಎದೆ ತುಂಬಿ ಬಂದಿತ್ತು.

ಮಣ್ಣು ಮಾಡುವ ದಿನ ಬೆಳಿಗ್ಗೆ ಹೆಂಗಸರು ನೆಲಮಾಳಿಗೆಯಲ್ಲಿ ಸ್ಯಾಂಡ್‌ವಿಚ್ ಮಾಡಲು ಕೂಡಿದರು. ಎಲ್ವಿನಾ ಬೆಣ್ಣೆ ಸವರುತ್ತಿದ್ದಳು. ಗಿರಣಿಯವನ ಹೆಂಡತಿ ರಾಗ್ನಾ ಬೇಯಿಸಿದ ಮೊಟ್ಟೆ ಹಿಸುಕುತ್ತಿದ್ದಳು. ಪಾಲ್ಮಾ ಸೌತೆಕಾಯಿ ಉಪ್ಪಿನಕಾಯಿ ಹೆಚ್ಚುತ್ತಿದ್ದಳು. ಥೋರಾ ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದಳು. ಒಲೆಯ ಮೇಲೆ ಕಾಫಿಯ ದೊಡ್ಡ ಕೊಳದಪ್ಪಲೆ ಗುಳುಗುಳು ಎನ್ನುತ್ತಿತ್ತು.

"ಪಾಪ, ಆ ಮಗು ಉಸಿರು ಎಳೆಯೋದು, ಗರಗಸ ಎಳೆದ ಹಾಗೆ" ಎಂದಳು ರಾಗ್ನಾ. "ಅನ್ನ ಸೇರ್ಲಿಲ್ಲ ನಂಗೆ."

"ಆಮೇಲೆ ತನ್ನ ಭಾಷೇಲೇ ಶುರು ಮಾಡಿದ್ಲಲ್ಲ" ಎಂದಳು ಪಾಲ್ಮಾ. "ಪ್ರಾರ್ಥನೇನೋ ಬೈಗುಳನೋ, ಯಾರಿಗೆ ಗೊತ್ತಾಗತ್ತೆ."

ಥೋರಾಳ ಚಾಕು ನಿಂತಿತು.

"ನೀವ್ಯಾವಾಗ ಕೇಳಿಸ್ಕೊಂಡ್ರಿ?" ಎಂದಳು.

ರಾಗ್ನಾ ಮೊಟ್ಟೆಯನ್ನೇ ನೋಡುತ್ತಿದ್ದಳು.

"ತಂತಿ ಕೆಟ್ಟಿತ್ತು ಅಂದ್ಲಲ್ಲ ಒರಿಸ್ಯಾ."

"ಅವಳಿಗೆ ಹಂಗನ್ನಿಸಿರ್ಬೇಕು" ಎಂದಳು ಎಲ್ವಿನಾ, ಬೆಣ್ಣೆಯ ಚಾಕುವನ್ನು ಬಟ್ಟಲ ಅಂಚಿಗೆ ಒರೆಸುತ್ತ.

"ಯಾಕೆ ಹಂಗನ್ನಿಸ್ತು?"

"ಯಾರೂ ಮಾತಾಡ್ಲಿಲ್ಲ ಅಂತ."

ಆ ಭಾಗದ ಅಷ್ಟೂ ಮನೆಗಳಿಗೆ ಒಂದೇ ತಂತಿ. ಯಾರ ಗಂಟೆ ಹೊಡೆದರೂ ಎಲ್ಲರೂ ಎತ್ತಿ ಕೇಳುವುದು ವಾಡಿಕೆ. ಚಳಿಗಾಲದಲ್ಲಿ ಅದೇ ಪತ್ರಿಕೆ, ಅದೇ ನಾಟಕ. ಎಷ್ಟು ಜನ ಎತ್ತುತ್ತಾರೋ ಅಷ್ಟು ಧ್ವನಿ ಸಣ್ಣಗಾಗುತ್ತದೆ. ಒಬ್ಬೊಬ್ಬರು ಎತ್ತಿದಾಗಲೂ ಟಿಕ್ ಎಂಬ ಸದ್ದು. ಫೋನಿನ ಹಿಡಿಯನ್ನು ಬಿಡದೆ ತಿರುಗಿಸಿದರೆ ಬರುವ ಉದ್ದ ಗಂಟೆ ಮಾತ್ರ ಕಿವಿಗೊಡುವುದಕ್ಕಲ್ಲ, ಎದ್ದು ಓಡುವುದಕ್ಕೆ. ಅದು ಬೆಂಕಿಗೆ, ಅಪಘಾತಕ್ಕೆ, ಹಿಮದಲ್ಲಿ ದಾರಿ ತಪ್ಪಿದ ಮಗುವಿಗೆ.

"ನೀನು ಎತ್ತಿದ್ಯಾ?" ಎಂದು ಥೋರಾ ನಾದಿನಿಯನ್ನು ಕೇಳಿದಳು.

"ನಾನು ಎತ್ತೋಷ್ಟರಲ್ಲಿ ಆಗ್ಲೇ ಟಿಕ್ ಟಿಕ್ ಅಂತಿತ್ತು, ಅತ್ತಿಗೆ. ಇಷ್ಟು ಜನ ಕೇಳಿಸ್ಕೊಳ್ತಿದಾರಲ್ಲ, ಯಾರಾದ್ರೂ ಹೋಗ್ತಾರೆ ಅನ್ಕೊಂಡೆ."

"ಅವರ ಮನೆಗೆ ನಿನ್ನ ಮನೇನೇ ಹತ್ರ."

"ಆ ಚಳೀಲಿ ಕಾರು ಸ್ಟಾರ್ಟ್ ಆಗತ್ತಾ ನೀವೇ ಹೇಳಿ."

"ಭಾನುವಾರ ಚರ್ಚಿಗೆ ಸ್ಟಾರ್ಟ್ ಆಗಿತ್ತು. ಅವತ್ತು ಇನ್ನೂ ಚಳಿ ಇತ್ತು."

ಪಾಲ್ಮಾ ನಡುವೆ ಬಾಯಿ ಹಾಕಿದಳು. "ಹಂಗಂದ್ರೆ ಹೆಂಗೆ ಥೋರಾ? ಹೋದ್ಸಲ ಅವಳು ಏನ್ ಮಾಡಿದ್ಲು? ನಮ್ಮೆಜಮಾನ್ರು ಹೊಲದ ಕೂಳೆಗೆ ಬೆಂಕಿ ಹಾಕಿದ ಹೊಗೆ ನೋಡಿ ಅವಳು ಊರಿಗೆಲ್ಲ ಗಂಟೆ ಹೊಡೆದು, ಗಂಡಸ್ರೆಲ್ಲ ಒಕ್ಕಣೆ ಬಿಟ್ಟು ಗೋಣಿಚೀಲ ನೆನೆಸ್ಕೊಂಡು ಓಡಿ ಬರ್ಲಿಲ್ವಾ? ಹೊಗೆರಾಣಿ ಅಂತ ನೀನೂ ನಗಾಡಿದೋಳೇ. ಈ ಸಲಾನೂ ಅಂಥದ್ದೇ ಇರ್ಬೇಕು ಅನ್ಕೊಂಡ್ವಿ."

"ಮಗು ಉಸಿರು ಕೇಳಿಸ್ತು ಅಂತ ಈಗ ತಾನೇ ಅಂದ್ಲು ರಾಗ್ನಾ. ಹೊಗೆಗೆ ಉಸಿರಿರತ್ತಾ?"

ರಾಗ್ನಾ ಅಳತೊಡಗಿದಳು. ಅಳುತ್ತಲೇ ಮೊಟ್ಟೆಗೆ ಮೆಣಸಿನಪುಡಿ ಉದುರಿಸಿದಳು. ಥೋರಾ ಅದನ್ನೇ ನೋಡುತ್ತಿದ್ದಳು. ಇವರು ಅಳಬಲ್ಲರು, ಅಳುತ್ತಲೇ ರುಚಿ ನೋಡಬಲ್ಲರು. ಸತ್ತ ಮೇಲೆ ಅನ್ನ ಸೇರುವುದಿಲ್ಲ ಎನ್ನಬಲ್ಲರು. ತಟ್ಟೆಯಲ್ಲಿ ತ್ರಿಕೋನವಾಗಿ ಕತ್ತರಿಸಿ ಜೋಡಿಸಿದ್ದ ಸ್ಯಾಂಡ್‌ವಿಚ್ಚುಗಳು, ಬೆಣ್ಣೆ ಮೆತ್ತಿದ ಬೆರಳುಗಳು, ಹಳದಿ ಮೊಟ್ಟೆಯ ವಾಸನೆ, ಎಲ್ಲವೂ ಒಮ್ಮೆಗೇ ಗಂಟಲಿಗೆ ಬಂತು.

"ನಮ್ಮನ್ನೇ ಯಾಕೆ ಹಂಗೆ ನೋಡ್ತೀರಾ?" ಎಂದಳು ಎಲ್ವಿನಾ. ಅವಳ ಮುಖ ಕೆಂಪಾಗಿತ್ತು. "ನಮ್ಮಣ್ಣನೂ ಎತ್ತಿದ್ದ. ಅವನ ಕೆಮ್ಮು ನಂಗೆ ಗೊತ್ತಾಗಲ್ವಾ?"

ಥೋರಾ ಮೆಟ್ಟಿಲು ಹತ್ತಿ ಹೊರಗೆ ಹೋದಳು. ಚರ್ಚಿನ ಹಿಂದೆ, ಕಟ್ಟಿಗೆ ರಾಶಿಯ ಪಕ್ಕ, ಹಿಮದಲ್ಲಿ ಬಗ್ಗಿ ಕಾರಿಕೊಂಡಳು. ಆಮೇಲೆ ಹಿಮವನ್ನೇ ಬಾಯಿಗೆ ಹಾಕಿ ಮುಕ್ಕಳಿಸಿದಳು. ಒಳಗೆ ಹೋಗದೆ ವಿಧಿಯಿರಲಿಲ್ಲ. ಮಗುವನ್ನು ಮಣ್ಣು ಮಾಡುವುದಿತ್ತು.

ಮಣ್ಣು ಮಾಡುವಾಗ ಎಲ್ಲರೂ ಬಂದಿದ್ದರು. ಎಲ್ಲರೂ ಹಾಡಿದರು. ಊಟದ ಹೊತ್ತಿಗೆ ಒರಿಸ್ಯಾ ಮೇಜಿನಿಂದ ಮೇಜಿಗೆ ಹೋಗಿ ಹೆಂಗಸರ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನೀವು ಒಳ್ಳೇದು. ಎಲ್ಲರೂ ಒಳ್ಳೇದು" ಎನ್ನುತ್ತಿದ್ದಳು. ಎಲ್ವಿನಾಳ ಕೈಯನ್ನೂ ಹಿಡಿದಳು. ಎಲ್ವಿನಾ ಅವಳನ್ನು ತಬ್ಬಿಕೊಂಡು, "ದೇವರ ಇಚ್ಛೆ ಕಣೇ" ಎಂದಳು. ಥೋರಾ ಕಾಫಿ ಸುರಿಯುತ್ತ ನಿಂತಿದ್ದಳು. ಕಪ್ಪು ತುಂಬಿ ತಟ್ಟೆಗೆಲ್ಲ ಚೆಲ್ಲಿತು.

ಹೊರಡುವ ಮೊದಲು ದಾನಿಲೋ ಟೋಪಿ ಕೈಯಲ್ಲಿ ಹಿಡಿದು ಹಾಲ್ವರ್‌ನ ಹತ್ತಿರ ಬಂದ. ಊರಿನ ಟೆಲಿಫೋನ್ ಕಮಿಟಿಗೆ ಹಾಲ್ವರ್ ಅಧ್ಯಕ್ಷ. "ಸಾರ್, ತಂತಿ ನೋಡಬೇಕು" ಎಂದ. "ಒರಿಸ್ಯಾಗೆ ಇನ್ನೊಂದು ಮಗು ಬರತ್ತೆ, ಬೇಸಿಗೇಲಿ. ತಂತಿ ಸತ್ತಿದ್ರೆ ನಂಗೆ ಭಯ."

ಹಾಲ್ವರ್ ಸುತ್ತ ನೋಡಿದ. ಹತ್ತಿರದಲ್ಲಿದ್ದವರು ಕಪ್ಪಿನೊಳಗೆ ನೋಡುತ್ತಿದ್ದರು.

"ಚಳಿಗೆ ಎಲ್ಲೋ ಬಿಟ್ಟಿರ್ಬೇಕು" ಎಂದ ಅವನು. "ಶನಿವಾರ ಬಂದು ಸರಿ ಮಾಡ್ತೀವಿ ಬಿಡು."

ಥೋರಾ ಮನೆಯೊಳಗೆ ಬಂದು ಒಲೆಗೆ ಎರಡು ಕೊರಡು ಹಾಕಿದ ಮೇಲೆ ಕೇಳಿದಳು.

"ಎಷ್ಟು ಹೊತ್ತು ಕೇಳಿಸ್ಕೊಂಡೆ?"

ಹಾಲ್ವರ್ ಏನು ಎತ್ತ ಎಂದು ಕೇಳಲಿಲ್ಲ. ಬೂಟು ಬಿಚ್ಚುತ್ತಿದ್ದವನು ಹಾಗೇ ಕೂತ.

"ಬಾಯಿ ತೆಗೆದೆ ಥೋರಾ. ಮಾತಾಡ್ಬೇಕು ಅಂತಲೇ. ಅಷ್ಟರಲ್ಲಿ ಬೇರೆ ಯಾರಾದ್ರೂ ಮಾತಾಡ್ತಾರೇನೋ ಅಂತ ಕಾದೆ. ಅವರೂ ಕಾಯ್ತಿದ್ರು ಅಂತ ಕಾಣತ್ತೆ."

"ಎಷ್ಟು ಹೊತ್ತು ಅಂತ ಕೇಳ್ದೆ."

"ಕಾಫಿ ಬಗ್ಗಿಸ್ಕೊಂಡು ಕೂತಿದ್ದೆ. ಅದು ತಣ್ಣಗಾಗೋವರೆಗೂ."

"ಕುಡಿದ್ಯಾ ಅದನ್ನ?"

ಅವನ ತುಟಿಯ ಅಂಚಿನಲ್ಲಿ ಚರ್ಚಿನ ಕೇಕಿನ ಒಂದು ಚೂರು ಅಂಟಿಕೊಂಡಿತ್ತು. ಅಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದ ಆ ಮುಖ, ಆ ಚೂರು, ಥೋರಾಗೆ ನೋಡಲಾಗಲಿಲ್ಲ. ಕೈಗೆ ಅಂಟಿದ ಹೊಲಸನ್ನು ನೋಡಿದ ಹಾಗಾಯಿತು.

"ಸತ್ಯ ಹೇಳ್ಬಿಡು ಅವರಿಗೆ" ಎಂದಳು.

"ಹೇಳಿದ್ರೆ ಮಗು ಬರತ್ತಾ? ಅವರು ಇದೇ ಊರಲ್ಲಿ ಬದುಕ್ಬೇಕು. ತಂತಿ ಕೆಟ್ಟಿತ್ತು ಅಂತ್ಲೇ ಇರ್ಲಿ. ಅದರಲ್ಲಿ ಅವರಿಗೂ ನೆಮ್ಮದಿ."

"ಅವರಿಗೂ" ಎಂದಳು ಥೋರಾ. ಆ ರಾತ್ರಿಯಿಂದ ಅವಳು ಮಗಳ ಹಳೆಯ ಕೋಣೆಯಲ್ಲಿ ಮಲಗಿದಳು.

ಶನಿವಾರ ಮಧ್ಯಾಹ್ನ ಹಾಲ್ವರ್ ಏಣಿ, ತಂತಿಯ ಸುರುಳಿ, ಇಕ್ಕಳ ಎಲ್ಲ ಕಾರಿಗೆ ತುಂಬಿದ. ಪಾಲ್ಮಾಳ ಗಂಡ ಗುನ್ನರ್ ಜೊತೆಗೆ ಬಂದ. "ನೀನೂ ಬಾ" ಎಂದ ಹಾಲ್ವರ್ ಹೆಂಡತಿಗೆ. "ನೀನಿದ್ರೆ ಅವರಿಗೆ ಸಮಾಧಾನ." ತನ್ನನ್ನು ಯಾಕೆ ಕರೆಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವಳೂ ನಿಂತು ನೋಡಿದರೆ ಅವಳ ಬಾಯೂ ಕಟ್ಟಿದಂತೆ. ಆದರೂ ಹೋದಳು. ಇವರು ನಿಜವಾಗಿ ಮಾಡುತ್ತಾರೋ, ಅಲ್ಲಿಗೆ ಹೋದ ಮೇಲಾದರೂ ನಾಚಿಕೆಯಾಗಿ ಬಿಡುತ್ತಾರೋ ನೋಡಬೇಕಿತ್ತು.

ಮಾಡಿದರು. ದಾನಿಲೋನ ಅಂಗಳದ ಆಚೆಯ ಕಂಬಕ್ಕೆ ಏಣಿ ಒರಗಿಸಿದರು. ಗುನ್ನರ್ ಕತ್ತೆತ್ತಿ ಗಂಭೀರವಾಗಿ ತಂತಿಯನ್ನು ನೋಡಿ, "ಅಲ್ಲೇ ಇರ್ಬೇಕು" ಎಂದ. ದಾನಿಲೋ ಏಣಿಯ ಬುಡವನ್ನು ಎದೆಗೊತ್ತಿ ಹಿಡಿದುಕೊಂಡ. ಗುನ್ನರ್‌ನ ಕೈಗವಸು ಹರಿದಿದ್ದನ್ನು ನೋಡಿ ತನ್ನದನ್ನೇ ಬಿಚ್ಚಿ ಕೊಟ್ಟ. ಗುನ್ನರ್ ಹಾಕಿಕೊಂಡ. ಹಾಲ್ವರ್ ಮೇಲೆ ಹತ್ತಿದ. ವಯಸ್ಸಾದ ಕಾಲು, ಮೆಲ್ಲಗೆ ಹತ್ತಿದ. ಮೇಲೆ ಹೋಗಿ, ಚೆನ್ನಾಗಿದ್ದ ತಂತಿಯನ್ನು ಇಕ್ಕಳದಿಂದ ಕತ್ತರಿಸಿದ. ಕತ್ತರಿಸಿದ ತುದಿಗಳನ್ನು ಮತ್ತೆ ಹೆಣೆದು ಬಿಗಿದ. ಹೆಣೆಯಲು ಬಹಳ ಹೊತ್ತು ಹಿಡಿಯಿತು, ಬೆರಳುಗಳು ಮರಗಟ್ಟಿದ್ದವು.

"ಇಲ್ಲೇ ಇತ್ತು ನೋಡು ತೊಂದ್ರೆ" ಎಂದು ಮೇಲಿನಿಂದ ಕೂಗಿದ.

ದಾನಿಲೋ ಶಿಲುಬೆಯ ಗುರುತು ಮಾಡಿಕೊಂಡ. ಬರಿಗೈ ಕೆಂಪಾಗಿತ್ತು. ಒಳಗಿನಿಂದ ತಂದಿಟ್ಟಿದ್ದ ಜೇನಿನ ಡಬ್ಬಿಯನ್ನು ಥೋರಾಗೆ ಕೊಡಲು ಬಂದ. "ಸಾರ್‌ಗೆ" ಎಂದ. "ಈ ಚಳೀಲಿ ಯಾರು ಬರ್ತಾರೆ ನಮಗೋಸ್ಕರ? ನೀವು ಬಂತು."

ಥೋರಾ ಡಬ್ಬಿ ತೆಗೆದುಕೊಳ್ಳಲಿಲ್ಲ.

"ತಂತಿ ಕೆಟ್ಟಿರ್ಲಿಲ್ಲ ದಾನಿಲೋ" ಎಂದಳು. "ಅವನು ಈಗ ಕತ್ತರಿಸಿದ್ದು. ನಿನ್ನ ಹೆಂಡ್ತಿ ಮಾತಾಡಿದ್ದು ಅವತ್ತು ಎಲ್ಲಾ ಮನೇಲೂ ಕೇಳಿಸಿತ್ತು. ನಮ್ಮ ಮನೇಲೂ."

ದಾನಿಲೋಗೆ ಅರ್ಥವಾಗಲಿಲ್ಲ. ಅವನು ನಕ್ಕ ಹಾಗೆ ಮಾಡಿ, "ಮೆಲ್ಲಗೆ, ಮಿಸೆಸ್. ಮೆಲ್ಲಗೆ ಹೇಳುತ್ತೆ" ಎಂದ.

"ಥೋರಾ" ಎಂದ ಹಾಲ್ವರ್ ಮೇಲಿನಿಂದ. "ಬೇಡ."

ಅವಳು ಹೇಳಬೇಕಾಯಿತು. ಮಗುವಿಗೆ ಹೇಳಿಕೊಡುವ ಹಾಗೆ, ಸಣ್ಣ ಸಣ್ಣ ಮಾತಿನಲ್ಲಿ. "ತಂತಿ ಚೆನ್ನಾಗಿತ್ತು. ಜನ ಕೇಳಿಸ್ಕೊಂಡ್ರು. ಯಾರೂ ಬರ್ಲಿಲ್ಲ." ಒಂದೊಂದು ಮಾತೂ ಬಾಯಲ್ಲಿ ಹುಳದಂತೆ ಹರಿದಾಡಿತು.

ದಾನಿಲೋ ಅವಳನ್ನು ನೋಡಿದ, ಗುನ್ನರ್‌ನನ್ನು ನೋಡಿದ. ಗುನ್ನರ್ ಗಡಿಬಿಡಿಯಲ್ಲಿ ಕೈಗವಸು ಬಿಚ್ಚತೊಡಗಿದ. ದಾನಿಲೋ ಅದನ್ನು ತೆಗೆದುಕೊಳ್ಳಲಿಲ್ಲ. ಜೇನಿನ ಡಬ್ಬಿಯನ್ನು ಹಿಮದ ಮೇಲೆ ನೆಟ್ಟಗೆ ಇಟ್ಟು, ಮನೆಯ ಕಡೆ ನಡೆದುಹೋದ. ಹಾಲ್ವರ್ ಕಂಬವನ್ನು ತಬ್ಬಿಕೊಂಡು ಮೇಲೆಯೇ ನಿಂತಿದ್ದ. ಏಣಿ ಹಿಡಿಯುವವರು ಯಾರೂ ಇರಲಿಲ್ಲ. "ಗುನ್ನರ್, ಏಣಿ ಹಿಡಿಯೋ" ಎಂದು ಅವನು ಹೇಳಿದ್ದು ಥೋರಾಗೆ ಬೆನ್ನ ಹಿಂದೆ ಕೇಳಿಸಿತು. ಅವಳು ದಾನಿಲೋನ ಹಿಂದೆಯೇ ಹೋದಳು.

ಬಾಗಿಲಲ್ಲಿ ಒರಿಸ್ಯಾ ನಿಂತಿದ್ದಳು. ಗಂಡ ಅವಳಿಗೆ ಅವರ ಭಾಷೆಯಲ್ಲಿ ಎರಡು ಮಾತು ಹೇಳಿ ಒಳಗೆ ಹೋದ. ಒರಿಸ್ಯಾ ಅಳುತ್ತಾಳೆ, ಕಿರುಚುತ್ತಾಳೆ ಎಂದು ಥೋರಾ ಕಾದಳು. ಅವಳು ಅದೇನೂ ಮಾಡಲಿಲ್ಲ.

"ಯಾಕೆ ಹೇಳಿತು, ಮಿಸೆಸ್ ಥೋರಾ?" ಎಂದಳು. "ತಂತಿ ಸತ್ತಿತು ಅಂದ್ರೆ ನಾನು ಇಲ್ಲಿ ಇರತ್ತೆ. ಚರ್ಚಿಗೆ ಬರತ್ತೆ, ಅಂಗಡಿಗೆ ಹೋಗತ್ತೆ. ಈಗ ಹೆಂಗೆ ಇರೋದು?"

"ಸುಳ್ಳಿನ ಮೇಲೆ ಇರ್ಬೇಕಾ ನೀನು?"

"ನಂಗೆ ಸುಳ್ಳು ಪರವಾಗಿಲ್ಲ. ತುಂಬಾ ಸುಳ್ಳು ನೋಡಿತು, ಯುದ್ಧದಲ್ಲಿ. ನಿಂಗೆ ಸುಳ್ಳು ಆಗಲ್ಲ. ನಿಂಗೋಸ್ಕರ ಹೇಳಿತು."

ಬಾಗಿಲು ಮುಚ್ಚಿತು. ಮೆಲ್ಲಗೇ ಮುಚ್ಚಿದ್ದು, ಆದರೂ ಥೋರಾ ಒಂದು ಹೆಜ್ಜೆ ಹಿಂದೆ ಸರಿದಳು. ಅಲ್ಲಿಯವರೆಗೆ ಅವಳ ಹೇಸಿಗೆಯೆಲ್ಲ ಬೇರೆಯವರ ಮೇಲಿತ್ತು. ವಾಪಸು ಕಾರಿಗೆ ನಡೆದು ಬರುವಾಗ ತನ್ನ ಕೋಟಿನ ವಾಸನೆಯೇ ತನಗೆ ಸಹಿಸಲಾಗಲಿಲ್ಲ.

ಭಾನುವಾರ ಅವಳು ಅಡುಗೆಮನೆಯ ಬೀಗದ ಕೈಯನ್ನು ಪಾದ್ರಿಯ ಮೇಜಿನ ಮೇಲಿಟ್ಟಳು. ಪಾದ್ರಿ ಕ್ಷಮೆಯ ಬಗ್ಗೆ ಮಾತು ತೆಗೆದ. "ಕ್ಷಮಿಸಬೇಕಾದವಳು ನಾನಲ್ಲ ಸ್ವಾಮಿ" ಎಂದಳು ಥೋರಾ. "ನನಗೆ ಇವರ ಜೊತೆ ಊಟ ಇಳಿಯಲ್ಲ, ಅಷ್ಟೆ."

ಊರು ತನ್ನ ಮೇಲೆ ಸಿಟ್ಟಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ಅದು ತಳೆದ ರೂಪ ನೋಡಿ ಅವಳಿಗೆ ನಗು ಬಂತು, ಕೆಟ್ಟ ನಗು. ಮಗು ಸತ್ತದ್ದನ್ನು ಎಲ್ಲರೂ ಒಂದು ತಿಂಗಳಲ್ಲಿ ಮರೆತರು. ಥೋರಾ ಗಂಡನ ಮಾನವನ್ನು ಏಣಿಯ ಮೇಲೆ ಕಳೆದದ್ದನ್ನು ಯಾರೂ ಮರೆಯಲಿಲ್ಲ. "ಕಟ್ಟಿಕೊಂಡ ಗಂಡನ್ನ ಹಂಗೆ ಮಾಡ್ತಾರೇನ್ರೀ?" ಎಂದು ಅಂಗಡಿಯಲ್ಲಿ ಪಾಲ್ಮಾ ಅವಳಿಗೆ ಕೇಳಿಸುವ ಹಾಗೇ ಹೇಳಿದಳು. ಮಾರ್ಚಿನಲ್ಲಿ ರಾಗ್ನಾಳ ಹಸು ಕೆರೆಯ ತೆಳು ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. ಉದ್ದ ಗಂಟೆ ಹೊಡೆದದ್ದೇ ತಡ, ಕಾರುಗಳ ಸಾಲು. ಎಲ್ವಿನಾಳ ಕಾರು ಎಲ್ಲಕ್ಕಿಂತ ಮುಂದೆ. ಹಗ್ಗ ಕಟ್ಟಿ ಹಸುವನ್ನು ಎಳೆದರು, ಕಂಬಳಿ ಹೊದಿಸಿದರು, ಎಲ್ಲರೂ ರಾಗ್ನಾಳ ಮನೆಯಲ್ಲಿ ಕಾಫಿ ಕುಡಿದರು. ಮುಂದಿನ ಭಾನುವಾರ ಪಾದ್ರಿ ಈ ಸೀಮೆಯ ಜನರ ಪ್ರೀತಿಯ ಬಗ್ಗೆ ಉಪದೇಶ ಕೊಟ್ಟ. ಹಿಂದಿನ ಸಾಲಿನಲ್ಲಿ ಕೂತಿದ್ದ ಥೋರಾ ಎದ್ದು ಹೊರಗೆ ಬಂದಳು. ಹಸುವಿನ ಮೇಲೆ ಅವಳಿಗೆ ಕೋಪವಿರಲಿಲ್ಲ.

ಹಾಲ್ವರ್ ಕುಗ್ಗಿಹೋಗಿದ್ದ. ಟೆಲಿಫೋನ್ ಕಮಿಟಿ ಬಿಟ್ಟ. ಒಂದು ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ, "ಹೋಗಿ ಹೇಳ್ಲಾ ದಾನಿಲೋಗೆ? ತಪ್ಪಾಯ್ತು ಅಂತ?" ಎಂದ.

"ನನ್ನ ಯಾಕೆ ಕೇಳ್ತೀಯ? ಇದಕ್ಕೂ ಬೇರೆ ಯಾರಾದ್ರೂ ಮಾತಾಡ್ಲಿ ಅಂತ ಕಾಯ್ಬೇಕಾ?"

ಅವನು ಅವತ್ತೇ ಹೋದ. ಕೆಸರಿನಲ್ಲಿ ನಡೆದೇ ಹೋದ. ದಾನಿಲೋ ಅವನನ್ನು ಅಂಗಳದಲ್ಲೇ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ, ಆಮೇಲೆ ಕುದುರೆಗೆ ನೀರು ಕುಡಿಸಲು ಹೊರಟುಹೋದ. ಹಾಲ್ವರ್ ಅದನ್ನು ಬಂದು ಹೆಂಡತಿಗೆ ಹೇಳಿದ. "ಸರಿ" ಎಂದಳು ಅವಳು. ಅದಕ್ಕಿಂತ ಹೆಚ್ಚು ಅವಳ ಬಾಯಿಂದ ಬರಲಿಲ್ಲ. ಆದರೆ ಅವನ ತಟ್ಟೆಗೆ ಊಟ ಬಡಿಸುವಾಗ ಕೈ ಮೊದಲಿನಷ್ಟು ಹಿಂಜರಿಯಲಿಲ್ಲ.

ಒರಿಸ್ಯಾಳ ಬಾಗಿಲಿಗೆ ಥೋರಾ ವಾರಕ್ಕೊಮ್ಮೆ ಹೋಗುತ್ತಿದ್ದಳು. ಬಾಗಿಲು ತೆಗೆಯದಿದ್ದರೆ ತಂದಿದ್ದನ್ನು ಮೆಟ್ಟಿಲ ಮೇಲಿಟ್ಟು ಬರುತ್ತಿದ್ದಳು. ಮುಂದಿನ ವಾರ ಪಾತ್ರೆ ತೊಳೆದು ಅಲ್ಲೇ ಇಟ್ಟಿರುತ್ತಿತ್ತು. ಹಿಮ ಕರಗಿದ ಮೇಲೆ ಒಂದು ದಿನ ಬಾಗಿಲು ತೆರೆದಿತ್ತು. ಒಳಗೆ ಗಂಟುಮೂಟೆ ಕಟ್ಟಿತ್ತು. ಪಶ್ಚಿಮದ ಕಡೆ ದಾನಿಲೋಗೆ ಮರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಅಲ್ಲಿ ತಮ್ಮವರು ಇದ್ದಾರಂತೆ. ಥೋರಾ ಕೋಟು ಬಿಚ್ಚಿ, ಪಿಂಗಾಣಿ ಬಟ್ಟಲುಗಳನ್ನು ಪತ್ರಿಕೆಯಲ್ಲಿ ಸುತ್ತತೊಡಗಿದಳು. ಒರಿಸ್ಯಾ ಬೇಡವೆನ್ನಲಿಲ್ಲ. ಹೊಟ್ಟೆ ಮುಂದೆ ಬಂದಿತ್ತು, ಬಗ್ಗಲಾಗುತ್ತಿರಲಿಲ್ಲ.

"ಒಂದು ಕೇಳತ್ತೆ" ಎಂದಳು ಒರಿಸ್ಯಾ, ಕೊನೆಯ ಪೆಟ್ಟಿಗೆಗೆ ಹಗ್ಗ ಬಿಗಿಯುವಾಗ. "ಅವತ್ತು ನೀನು ಮನೇಲಿ ಇತ್ತು ಅಂದ್ರೆ. ನೀನು ಬರ್ತಿತ್ತಾ?"

"ಬರ್ತಿದ್ದೆ" ಎಂದಳು ಥೋರಾ.

ಒರಿಸ್ಯಾ ಅವಳ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಹಗ್ಗದ ಗಂಟಿನ ಮೇಲೆ ಬೆರಳಿಟ್ಟು ಹಿಡಿದಳು, ಥೋರಾ ಬಿಗಿಯಲಿ ಎಂದು.

ಮನೆಗೆ ಬರುವಾಗ ಥೋರಾ ಆ ಉತ್ತರವನ್ನೇ ಅಗಿದಳು. ಎಷ್ಟು ಬೇಗ ಬಂತು ಅದು. ಹೊಗೆರಾಣಿ ಎಂದು ನಕ್ಕವರಲ್ಲಿ ತಾನೂ ಒಬ್ಬಳು, ಪಾಲ್ಮಾ ಹೇಳಿದ್ದು ಸುಳ್ಳಲ್ಲ. ಹಿಟ್ಟು ನಾದಿಟ್ಟಿದ್ದರೆ, ಒಲೆಯ ಮೇಲೆ ಏನಾದರೂ ಇದ್ದಿದ್ದರೆ, ಟಿಕ್ ಟಿಕ್ ಎಂದು ಇಷ್ಟೊಂದು ಜನ ಎತ್ತಿದ್ದು ಕೇಳಿಸಿದ್ದರೆ? ಹೋಗುತ್ತಿದ್ದೆ ಎಂದು ಮನಸ್ಸು ಹೇಳಿತು. ಹೇಳಿದ ರೀತಿ ಅವಳಿಗೆ ಹಿಡಿಸಲಿಲ್ಲ. ಎಲ್ವಿನಾಳ ಮನಸ್ಸೂ ಹೀಗೇ ಹೇಳುತ್ತಿರಬೇಕು. ಕಾರಿನ ಕಿಟಕಿ ಇಳಿಸಿ ಹೊರಗೆ ಉಗಿದಳು.

ಅದಾದ ಮೇಲೆ ಅವಳು ಒಂದು ಅಭ್ಯಾಸ ಮಾಡಿಕೊಂಡಳು. ಯಾರ ಮನೆಯ ಗಂಟೆ ಹೊಡೆದರೂ ಎದ್ದು ಹೋಗಿ ಫೋನು ಎತ್ತುತ್ತಿದ್ದಳು. ಎತ್ತಿ, ಗಟ್ಟಿಯಾಗಿ, "ಥೋರಾ ಇದೀನಿ. ಕೇಳಿಸ್ಕೊಳ್ತಿದೀನಿ" ಎನ್ನುತ್ತಿದ್ದಳು. ಆ ಕಡೆ ಈ ಕಡೆಯ ಮಾತು ತಟ್ಟನೆ ನಿಲ್ಲುತ್ತಿತ್ತು. ಯಾರ ಮಗಳು ಯಾರ ಜೊತೆ ಓಡಾಡಿದಳು ಎಂಬ ಸುದ್ದಿ ಗಂಟಲಲ್ಲೇ ಉಳಿಯುತ್ತಿತ್ತು. ಕೆಲವು ಸಲ ಇನ್ನೊಂದು ಮೂಲೆಯಿಂದ ಯಾರೋ ಮೆಲ್ಲಗೆ ಫೋನು ಇಟ್ಟ ಸದ್ದು ಬರುತ್ತಿತ್ತು.

ಕೊನೆಗೆ ಎಲ್ವಿನಾಗೆ ತಡೆಯಲಾಗಲಿಲ್ಲ. ರಾಗ್ನಾಳ ಜೊತೆ ಮಾತಾಡುತ್ತಿದ್ದವಳು, "ಇಡಿ ಅತ್ತಿಗೆ ಫೋನು. ಇದು ನಿಮಗೆ ಬಂದದ್ದಲ್ಲ" ಎಂದಳು.

"ನಂಗಲ್ಲ ಅಂತ ಗೊತ್ತು" ಎಂದಳು ಥೋರಾ. "ಇದೀನಿ ಅಂತ ಹೇಳ್ದೆ, ಅಷ್ಟೆ. ನೀವು ಮಾತಾಡಿ."